ನಮ್ಮೂರ ಸರ್ಕಾರಿ ಶಾಲೆ ಮುಚ್ಚುತಾರಂತೆ, ಏನ್ ಮಾಡ್ಬೋದು?

ಮಂಡ್ಯ ತಾಲ್ಲೂಕಿನ ಹಳ್ಳಿ ನಮ್ದು. ಸ್ಕೂಲಲ್ಲಿ 14 ಮಕ್ಳು, ಒಬ್ರೇ ಮೇಷ್ಟ್ರು, ಪಕ್ಕದೂರಿನ ಶಾಲೆಗೆ ಸೇರಿಸ್ತಾರೆ ಅಂತ ಸುದ್ದಿ, ಮಧ್ಯ ನಾಲೆ ಏರಿ ಮೇಲೆ ನಡೀಬೇಕು, ಬಸ್ಸಿಲ್ಲ, ದುಡ್ಡಿರೋರು ಆಗ್ಲೇ ವ್ಯಾನ್ ಹತ್ತಿಸಿ ಕಾನ್ವೆಂಟಿಗೆ ಕಳಿಸ್ತಾವ್ರೆ, ಉಳಿದಿರೋದು ಕೂಲಿ ಮಾಡೋರ ಮಕ್ಳೇ. ಯಾರನ್ನ ಕೇಳದು?

ಉತ್ತರ 1:
ಅಣ್ಣ, ಮೊದ್ಲು ದೂರ ಅಳೀರಿ. ಶಿಕ್ಷಣ ಹಕ್ಕು ನಿಯಮದಲ್ಲಿ 1ರಿಂದ 5ನೇ ಕ್ಲಾಸಿಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರ್ಬೇಕು. 2009ರ ಕಾಯ್ದೆಲೇ 60 ಮಕ್ಕಳವರೆಗೂ ಇಬ್ರು ಟೀಚರ್ ಅಂತಿದೆ, ಒಬ್ರೇ ಇದ್ರೆ ಯಾವ ಅಪ್ಪ ಅಮ್ಮ ಸೇರಿಸ್ತಾರೆ ಹೇಳಿ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗ್ ಕರ್ದು ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡಿ, ಸೀಲ್ ಹಾಕಿಸ್ಕೊಂಡ ಕಾಪಿ ಇಟ್ಕೊಳಿ.

ಉತ್ತರ 2:
ನಾನು ಮೈಸೂರು ಕಡೆ ಟೀಚರ್. ಮಕ್ಳು ಕಮ್ಮಿ ಇದ್ರೆ ಕಲಿಕೆ ಆಗಲ್ಲ ಅನ್ನೋದನ್ನ ನಾನಂತೂ ಒಪ್ಪಲ್ಲ. ನಲಿ ಕಲಿ ಅನ್ನೋ ಪಾಠದ ಪದ್ಧತಿ ಶುರುವಾಗಿದ್ದೇ ಎಚ್.ಡಿ.ಕೋಟೆಲಿ, 1995ರಲ್ಲಿ, ಬೇರೆ ಬೇರೆ ಕ್ಲಾಸಿನ ಮಕ್ಳು ಒಟ್ಟಿಗೆ ಕೂತು ಕಾರ್ಡ್ ಹಿಡ್ಕೊಂಡು ಅವರವರ ವೇಗದಲ್ಲಿ ಕಲೀತಾರೆ. ಆದ್ರೆ 6ನೇ ಕ್ಲಾಸಿಂದ ವಿಷಯಕ್ಕೊಬ್ರು ಟೀಚರ್ ಬೇಕು, ಆಗ ದೊಡ್ಡ ಶಾಲೆನೇ ಮೇಲು, ಅದಕ್ಕೆ ವ್ಯಾನ್ ಕೇಳಿ.

ಕೇಳ್ದೋರು:
ಮೇಡಂ, ಅಣ್ಣ, ಇಬ್ರಿಗೂ ಥ್ಯಾಂಕ್ಸ್. ಶನಿವಾರ ಮೀಟಿಂಗ್ ಕರೀತೀವಿ, ತಾಯಂದ್ರು ಗದ್ದೆ ಕೆಲ್ಸ ಬಿಟ್ಟು ಬರ್ತೀವಿ ಅಂದವ್ರೆ.