ಪದ ಬೇಕು: ತರಬೇತಿ ಕೈಪಿಡಿಯ ‘ಫಿಡೆಲಿಟಿ’ಗೆ ಕನ್ನಡ

ಕಾರವಾರದಿಂದ:
ಆಶಾ ಕಾರ್ಯಕರ್ತೆಯರ ತರಬೇತುದಾರರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಮುದ್ರಣಕ್ಕೆ ಹೋಗಬೇಕು, ‘ಫಿಡೆಲಿಟಿ’ಯಲ್ಲಿ ಸಿಕ್ಕಿಕೊಂಡಿದ್ದೇನೆ. ಕಾರ್ಯಕ್ರಮವನ್ನು ಹೇಗೆ ರೂಪಿಸಿದ್ದಾರೋ ಹಾಗೆಯೇ ಮನೆಮನೆಯಲ್ಲಿ ನಡೆಸುವುದು ಎಂಬ ಅರ್ಥ. ನವಜಾತ ಶಿಶುವಿನ ಗೃಹಭೇಟಿಯನ್ನೇ ನೋಡಿ: ಹೆರಿಗೆ ಆಸ್ಪತ್ರೆಯಲ್ಲಾಗಿದ್ದರೆ 3, 7, 14, 21, 28, 42ನೆಯ ದಿನಗಳಲ್ಲಿ ಆರು ಭೇಟಿ, ಮನೆಯಲ್ಲಾಗಿದ್ದರೆ ಮೊದಲ ದಿನದ್ದೂ ಸೇರಿ ಏಳು. ಆರಕ್ಕೆ ಆರೂ ಆಗಿವೆ ಎಂದು ಪುಸ್ತಕದಲ್ಲಿ ಬರೆದರೆ ಸಾಲದು. ಕೈ ತೊಳೆದುಕೊಂಡರೇ, ತೂಕ ನೋಡಿದರೇ, ಜ್ವರ ಅಳೆದರೇ, ಮಗು ಹಾಲು ಕುಡಿಯುವುದನ್ನು ಕಣ್ಣಾರೆ ಕಂಡರೇ ಎಂಬುದೆಲ್ಲ ಇದರೊಳಗೆ ಬರುತ್ತದೆ. ಅಧ್ಯಾಯದ ಹೆಸರಿಗೊಂದು, ಮೇಲ್ವಿಚಾರಕರ ತಪಾಸಣಾ ಪಟ್ಟಿಯ ಕಾಲಂಗೊಂದು ಪದ ಬೇಕು. ‘ಏಕರೂಪತೆ’ ನಡೆಯುತ್ತದೆಯೇ?

ಕುಮಟಾದಿಂದ:
‘ಅನುಷ್ಠಾನನಿಷ್ಠೆ’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಹೊನ್ನಾವರದಿಂದ:
ಬೇಕಾದಷ್ಟಿದೆ. ಅನುಷ್ಠಾನದಲ್ಲಿರುವುದೂ ‘ಸ್ಥಾ’ ಧಾತು, ನಿಷ್ಠೆಯಲ್ಲಿರುವುದೂ ಅದೇ. ಒಂದೇ ಧಾತುವನ್ನು ಎರಡು ಸಲ ದುಡಿಸಿಯೂ ಅರ್ಥ ಹೊರಡುವುದಿಲ್ಲ. ಅನುಷ್ಠಾನವೆಂದರೆ ನಮ್ಮ ಕಡೆ ಮಡಿ ಉಟ್ಟು ಜಪಕ್ಕೆ ಕುಳಿತವರು ನೆನಪಾಗುತ್ತಾರೆ. ಯಾರಾದರೂ ‘ವಿಧಿನಿಷ್ಠೆ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ವಿಧಿ ಎಂದರೆ ಓದುಗರಿಗೆ ಹಣೆಬರಹ, ಬಾಣಂತಿಯ ಮನೆಗೆ ಅದು ಬೇಡ. ಅಚ್ಚಗನ್ನಡದಲ್ಲಿ ‘ತಪ್ಪದಿಕೆ’ ಎನ್ನಿ. ನಂಬಿಕೆ, ಹೆದರಿಕೆ ಇರುವಾಗ ಇದೇಕೆ ಇರಬಾರದು?

ಕುಮಟಾದಿಂದ:
‘ನಂಬು’ ಧಾತು, ಅದಕ್ಕೆ ‘ಇಕೆ’ ಹತ್ತುತ್ತದೆ. ‘ತಪ್ಪದ’ ಎಂಬ ನಿಷೇಧರೂಪಕ್ಕೆ ಹತ್ತಿಸಿದವರನ್ನು ಇವತ್ತೇ ಕಂಡೆ.

ಹೊನ್ನಾವರದಿಂದ:
ಸಂಸ್ಕೃತದ ಎರವಲೆಲ್ಲ ಮಡಿ, ಕನ್ನಡದಲ್ಲಿ ಹೊಸದು ಹುಟ್ಟಿದರೆ ಮೈಲಿಗೆ. ಈ ಚರ್ಚಾಬಳಗದ ಹಳೆಯ ಕಾಯಿಲೆ.

ಶಿರಸಿಯಿಂದ:
ಇಬ್ಬರೂ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ‘ಏಕರೂಪತೆ’ ನಡೆಯುವುದಿಲ್ಲ. ಭೇದಿಯಾದ ಮಗುವಿಗೆ ಕುಡಿಸಲು ಒಂದು ಲೀಟರ್ ನೀರಿಗೆ ಕಲಸಬೇಕಾದ ಓಆರ್‌ಎಸ್ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯಿರಿ ಎಂದು ತರಬೇತುದಾರರೇ ತಪ್ಪಾಗಿ ಕಲಿಸಿದರು ಎನ್ನಿ. ಇಡೀ ತಾಲ್ಲೂಕಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಏಕರೂಪತೆಗೆ ಕುಂದಿಲ್ಲ, ಮಗುವಿನ ರಕ್ತದಲ್ಲಿ ಮಾತ್ರ ಸೋಡಿಯಂ ಏರುತ್ತದೆ. ತರಬೇತಿ ಒಬ್ಬರಿಂದ ಒಬ್ಬರಿಗೆ ಇಳಿಯುತ್ತಾ ಬರುವುದರಿಂದ ಮೇಲಿನ ಹಂತದ ಒಂದು ತಪ್ಪು ಕೆಳಗೆ ನೂರಾಗುತ್ತದೆ.

ಇದರ ತಿರುವುಮುರುವನ್ನೂ ನೋಡಿ. ಅಂಕೋಲಾದ ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ ಒಂದು ಬಗೆಯಲ್ಲಿ, ಯಲ್ಲಾಪುರದ ಸಿದ್ದಿಯರ ಮನೆಯಲ್ಲಿ ಇನ್ನೊಂದು ಬಗೆಯಲ್ಲಿ, ಕಾರವಾರದಲ್ಲಿ ಕೊಂಕಣಿಯಲ್ಲಿ ವಿವರಿಸಲಿ. ಉದಾಹರಣೆ ಬೇರೆಯಾಗಲಿ, ಮಾತು ಬೇರೆಯಾಗಲಿ. ನೀರಿನ ಅಳತೆ, ಓಆರ್‌ಎಸ್ ಜೊತೆಗೆ ಕೊಡುವ ಸತುವಿನ ಮಾತ್ರೆಯ 14 ದಿನ ಬದಲಾಗದಿದ್ದರೆ ನಿಮ್ಮ ಫಿಡೆಲಿಟಿ ಅಲ್ಲಿದೆ, ಏಕರೂಪತೆ ಇಲ್ಲ.

ಅಧ್ಯಾಯಕ್ಕೆ ‘ಕ್ರಮಪಾಲನೆ’ ಸಾಕು. ಕಾಲಂಗೆ ನಾಮಪದವೇ ಏಕೆ ಬೇಕು? ‘ಕೈಪಿಡಿಯಲ್ಲಿ ಇರುವಂತೆ ಮಾಡಿದರೇ?’ ಎಂದು ಕೇಳಿ, ಹೌದು ಅಥವಾ ಇಲ್ಲ ಎಂದು ಗುರುತು ಹಾಕುತ್ತಾರೆ. ‘ಕಲಿಸಿದಂತೆ’ ಎಂದು ಮಾತ್ರ ಬರೆಯಬೇಡಿ, ಲೋಟದ ಕಥೆಯೇ ಆದೀತು.

ಹೊನ್ನಾವರದಿಂದ:
ಕ್ರಮವೂ ಸಂಸ್ಕೃತ, ಪಾಲನೆಯೂ ಸಂಸ್ಕೃತ. ಕಾಲಂ, ಲೀಟರ್ ಇಂಗ್ಲಿಷು. ಇನ್ನು ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯಗಳೇ?

ಕಾರವಾರದಿಂದ:
ಚಾವಿ, ಬಟಾಟೆ, ಪಗಾರ ಮೂರೂ ಪೋರ್ಚುಗೀಸಿನಿಂದ ಬಂದು ನಮ್ಮ ಕರಾವಳಿಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ನೆಲೆಸಿವೆ. ಆಶಾ ಕಾರ್ಯಕರ್ತೆಯರಿಗೆ ಪಗಾರವಿಲ್ಲ, ಸಿಗುವುದು ಗೌರವಧನ. ಅಪ್ಪಟ ಸಂಸ್ಕೃತವಾದ್ದರಿಂದ ಕುಮಟಾದವರಿಗೆ ಸಂತೋಷವಾಗಬಹುದು, ಕಾರ್ಯಕರ್ತೆಯರಿಗಂತೂ ಆಗಿಲ್ಲ.

ಶಿರಸಿಯವರ ಎರಡೂ ಸಲಹೆಗಳನ್ನು ಕರಡಿಗೆ ಸೇರಿಸಿದ್ದೇನೆ. ‘ಏಕರೂಪತೆ’ಯನ್ನು ಇನ್ನೂ ನಾಲ್ಕು ಪುಟಗಳಿಂದ ತೆಗೆಯಬೇಕಾಗಿದೆ. ಸೋಮವಾರದೊಳಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಬರೆಯಿರಿ. ಧಾತುಗಳ ಜಗಳಕ್ಕೆ ದಯವಿಟ್ಟು ಬೇರೆ ಎಳೆ ತೆರೆಯಿರಿ.