ಗೀಸರ್ ವಾಲ್ವ್ ತೊಟ್ಟಿಕ್ಕುತ್ತಿದೆ, ಅನುಭವ ಇರೋರು ಹೇಳಿ

ಬಟವಾಡಿ, ತುಮಕೂರು: ನಮಸ್ಕಾರ. ಪ್ರೆಶರ್ ಪಂಪ್ ಹಾಕಿಸಿದಾಗಿಂದ 25 ಲೀಟರ್ ಗೀಸರ್‌ನ ಸೇಫ್ಟಿ ವಾಲ್ವ್ ದಿನಾ ಬೆಳಿಗ್ಗೆ ತೊಟ್ಟಿಕ್ಕುತ್ತೆ. ವಾಲ್ವ್ ಬಾಯಿಗೆ ಡಮ್ಮಿ (ಬಿರಡೆ) ಹಾಕಿ ಮುಚ್ಚಿಬಿಡೋಣ ಅಂತಾರೆ ಪ್ಲಂಬರ್. ಎಕ್ಸ್‌ಪಾನ್ಷನ್ ಟ್ಯಾಂಕ್, ಅಂದ್ರೆ ಕಾದು ಹಿಗ್ಗಿದ ನೀರಿಗೆ ಜಾಗ ಕೊಡೋ, ಒಳಗೆ ಗಾಳಿ ತುಂಬಿದ ಚಿಕ್ಕ ಟ್ಯಾಂಕ್, ಹಾಕಿಸಿದೋರು ಯಾರಾದ್ರೂ ಇದ್ದೀರಾ?

ಚಿಂತಾಮಣಿ: ಮುಚ್ಚಿಸಬೇಡಿ, ಕೈ ಮುಗೀತೀನಿ. ನಾನು ಮುಚ್ಚಿಸಿದ್ದೆ. ನಾಲ್ಕನೇ ತಿಂಗಳು ಬೆಳಿಗ್ಗೆ ಐದೂವರೆಗೆ ಗೋಡೆ ಒಳಗೆ ಟಪ್ ಅಂತು, ಟೈಲ್ಸ್ ಸಂದಿಯಿಂದ ಬಿಸಿನೀರು. ಪೈಪಿನ ಎಲ್ಬೋ (ತಿರುವಿನ ಜೋಡಣೆ) ಉದ್ದಕ್ಕೆ ಸೀಳಿತ್ತು. ಗೋಡೆ ಒಡೆಸಿದ್ದು 1,500, ಫಿಟಿಂಗ್ 640, ಟೈಲ್ಸ್ 1,150, ಕೂಲಿ 2,400, ಊದಿಹೋದ ಗೀಸರ್ ಬದಲಿಗೆ ಹೊಸದು 8,900. ಒಟ್ಟು 14,590. ಹಳೇ ಶೇಡ್ ಟೈಲ್ಸ್ ಸಿಗಲೇ ಇಲ್ಲ, ಎಂಟು ಟೈಲ್ಸ್ ಇವತ್ತಿಗೂ ಬೇರೆ ಬಣ್ಣ. ಬಿಸಿನೀರಿಗೆ ಹಾಕೋ ಸಿಪಿವಿಸಿ ಪ್ಲಾಸ್ಟಿಕ್ ಪೈಪು (ಎಸ್‌ಡಿಆರ್ 11 ಅನ್ನೋ ದಪ್ಪದ್ದು) 23 ಡಿಗ್ರಿಯಲ್ಲಿ ಚದರ ಸೆಂ.ಮೀ.ಗೆ 28 ಕೆಜಿ ಪ್ರೆಶರ್ ತಡೆಯುತ್ತೆ, 82 ಡಿಗ್ರಿಗೆ ಹೋದ್ರೆ ಬರೀ 7. ಇದನ್ನ ಯಾರೂ ಹೇಳಲ್ಲ.

ಕೋಲಾರ: 25 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕೆ ಕಾದ್ರೆ ಸುಮಾರು 400 ಮಿಲಿ ಹೆಚ್ಚುತ್ತೆ. ಮೊದಲು ಅದು ಓವರ್‌ಹೆಡ್ ಟ್ಯಾಂಕಿಗೆ ವಾಪಸ್ ಹೋಗ್ತಿತ್ತು. ಪಂಪಿನ ಎನ್‌ಆರ್‌ವಿ, ಅಂದ್ರೆ ನೀರನ್ನ ಒಂದೇ ಕಡೆಗೆ ಬಿಡೋ ವಾಲ್ವ್, ಆ ದಾರಿ ಕಟ್ಟಿಹಾಕುತ್ತೆ, ಅದಕ್ಕೇ ಸೇಫ್ಟಿ ವಾಲ್ವ್ ತೊಟ್ಟಿಕ್ಕೋದು. ನಾನು 5 ಲೀಟರ್ ಎಕ್ಸ್‌ಪಾನ್ಷನ್ ಟ್ಯಾಂಕ್ ಹಾಕಿಸ್ದೆ, 2,800 ಜೊತೆಗೆ ಕೂಲಿ 900. ಆದ್ರೂ ಒಂದು ತಿಂಗಳು ಸೋರ್ತಾನೇ ಇತ್ತು! ಟ್ಯಾಂಕ್ ಒಳಗಿನ ಗಾಳಿಯ ಪ್ರೆಶರ್ ಯಾರೂ ನೋಡಿರಲಿಲ್ಲ. ಲೈನ್ ನೀರು ಪೂರ್ತಿ ಖಾಲಿ ಮಾಡಿ, ಬೈಕ್ ಪಂಪಲ್ಲಿ 29 ಪಿಎಸ್‌ಐ ಹೊಡೆದೆ, ನಮ್ಮ ಪಂಪಿನ ಪ್ರೆಶರ್‌ಗೆ ಸರಿಯಾಗಿ. ನೀರು ತುಂಬಿರುವಾಗ ನೋಡಿದ್ರೆ ಮೀಟರ್ ತಪ್ಪು ತೋರಿಸುತ್ತೆ. ಎರಡು ವರ್ಷ ಆಯ್ತು, ಒಂದು ಹನಿ ಇಲ್ಲ.

ಗೌರಿಬಿದನೂರು: ಎಲ್ಲಾ ಪಂಪ್ ತಂದ ರಗಳೆ. ನಮ್ಮದು 200 ಲೀಟರ್ ಸೋಲಾರ್, ವೆಂಟ್ ಪೈಪ್ ಓವರ್‌ಹೆಡ್ ಟ್ಯಾಂಕಿಗಿಂತ ಎತ್ತರಕ್ಕಿದೆ, ಹಿಗ್ಗಿದ ನೀರಿಗೆ ದಾರಿ ಇದೆ. ಹನ್ನೊಂದು ವರ್ಷ ಒಂದು ರೂಪಾಯಿ ಖರ್ಚಿಲ್ಲ.

ಕೋಲಾರ: ನಿಮ್ಮ ಓವರ್‌ಹೆಡ್ ಟ್ಯಾಂಕ್ ಎತ್ತರದಲ್ಲಿದೆ ಸ್ವಾಮಿ. ನಮ್ಮದು ಬಾತ್‌ರೂಮಿಗಿಂತ ಎರಡು ಮೀಟರ್ ಮೇಲೆ, ಅಂದ್ರೆ ಪ್ರೆಶರ್ ಬರೀ 0.2 ಬಾರ್ (ಸುಮಾರು 3 ಪಿಎಸ್‌ಐ). ವಯಸ್ಸಾದ ಅಮ್ಮ ಶವರ್ ಕೆಳಗೆ ನಡುಗ್ತಾ ನಿಲ್ಲೋದು ನೋಡೋಕಾಗದೆ ಪಂಪ್ ಹಾಕಿಸಿದ್ದು. ಅದನ್ನ ರಗಳೆ ಅನ್ನಬೇಡಿ.

ಕ್ಯಾತ್ಸಂದ್ರ: ಎಲ್ಲರೂ ಟ್ಯಾಂಕ್ ಟ್ಯಾಂಕ್ ಅಂತೀರಲ್ಲ. ನಮ್ಮ ವಾಲ್ವ್ ಬಿಚ್ಚಿದ್ರೆ ಒಳಗೆ ಮುಚ್ಚಳ ಕೂರೋ ಸೀಟ್ ಮೇಲೆ ಸುಣ್ಣದ ಕಾಳು ಕೂತಿತ್ತು. ನೀರು ಕಾಯುವಾಗ ಮಾತ್ರ ತೊಟ್ಟಿಕ್ಕಿದ್ರೆ ಹಿಗ್ಗೋದರಿಂದ, ಸ್ವಿಚ್ ಆಫ್ ಮಾಡಿದ್ರೂ ದಿನವಿಡೀ ಸೋರಿದ್ರೆ ಕಸ ಇಲ್ಲಾ ಪಂಪಿನ ಪ್ರೆಶರ್ರೇ ಜಾಸ್ತಿ. ಇನ್ನೊಂದು, ಪ್ಲಂಬರನ್ನ ಬೈಯೋದು ನಿಲ್ಲಿಸಿ. ನಮ್ಮಣ್ಣ ಅದೇ ಕೆಲಸ ಮಾಡೋದು. ವಾಲ್ವ್‌ಗೆ ಡ್ರೇನ್ ಪೈಪ್ ಎಳೀತೀನಿ ಅಂದ್ರೆ 300 ರೂಪಾಯಿಗೆ ಚೌಕಾಸಿ ಮಾಡೋರು ನೀವೇ.

ಚಿಂತಾಮಣಿ: ನಾನು ಚೌಕಾಸಿ ಮಾಡಿಲ್ಲ, ಕೇಳಿದಷ್ಟು ಕೊಟ್ಟಿದ್ದೆ. 14,590 ಹೋದವರಿಗೆ ಬೈಯೋ ಹಕ್ಕಿದೆ.

ಗೌರಿಬಿದನೂರು: ಸುಣ್ಣ ಕಟ್ಟೋದು ಬೋರ್ ನೀರಿಂದ. ಸಾವಿರದಿನ್ನೂರು ಅಡಿ ಕೊರೆಸಿದ್ರೆ ಇನ್ನೇನು ಬರುತ್ತೆ?

ಚಿಂತಾಮಣಿ: ಕೊರೆಸದೆ ಏನ್ ಮಾಡೋದು ಸಾರ್? ಟ್ಯಾಂಕರ್ ನೀರಿಗೆ ಕಾದು ನೋಡಿದ್ದೀರಾ ನೀವು?