ಅಪ್‌ಡೇಟ್: ವಿಮಾನದಲ್ಲಿ ಗಲಾಟೆ ಮಾಡಿದವನ ಕಥೆ ಏನಾಯ್ತು

ಹಿಂದಿನ ಸೀಟಿನವನು ಕುಡಿದು ಕೂಗಾಡಿ ಗಗನಸಖಿಯನ್ನು ತಳ್ಳಿದ, ಅಂಥವರನ್ನು ಪ್ರಯಾಣಿಕರೇ ಹಿಡಿದು ಕೂರಿಸಬಹುದಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ 1963ರ ಟೋಕಿಯೋ ಒಪ್ಪಂದ (ವಿಮಾನದೊಳಗೆ ನಡೆಯುವ ಅಪರಾಧಗಳ ಬಗ್ಗೆ ದೇಶಗಳು ಮಾಡಿಕೊಂಡದ್ದು) ಓದಿದೆ. ಹತ್ತಿದ ಮೇಲೆ ಬಾಗಿಲುಗಳೆಲ್ಲ ಮುಚ್ಚಿದಾಗಿನಿಂದ ಇಳಿಯಲು ಒಂದು ಬಾಗಿಲು ತೆರೆಯುವವರೆಗೆ ಕ್ಯಾಪ್ಟನ್ ಮಾತೇ ಕೊನೆ. ಕಟ್ಟಿಹಾಕಿಸಬಹುದು, ಪೊಲೀಸರಿಗೆ ಒಪ್ಪಿಸಬಹುದು. ನಮ್ಮ ಸಹಾಯ ಕೇಳಬಹುದು, ಬಲವಂತ ಮಾಡುವ ಹಾಗಿಲ್ಲ. ವಿಮಾನಕ್ಕೋ ಒಳಗಿದ್ದವರಿಗೋ ತಕ್ಷಣ ಅಪಾಯ ಇದ್ದರೆ ಮಾತ್ರ ನಾವು ಅಪ್ಪಣೆಗೆ ಕಾಯಬೇಕಿಲ್ಲ. ಬರೀ ಬಾಯಿಜೋರಿಗೆ ಇದು ಸಲ್ಲುವುದಿಲ್ಲ.

ಆವತ್ತು ಸಿಬ್ಬಂದಿ ಮಾಡಿದ್ದೂ ಹಾಗೇ. ಮದ್ಯ ಕೊಡುವುದು ನಿಲ್ಲಿಸಿದರು, ಪಕ್ಕದವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಒಬ್ಬರು ದನಿ ಏರಿಸದೆ ಎಚ್ಚರಿಕೆ ಕೊಟ್ಟರು, ಇನ್ನೊಬ್ಬರು ಪ್ಲಾಸ್ಟಿಕ್ ಕೈಕೋಳ ಹಿಡಿದು ಹಿಂದೆಯೇ ನಿಂತಿದ್ದರು. ಅದನ್ನು ನೋಡಿದ್ದೇ ತಡ, ಅವನು ತೆಪ್ಪಗಾದ.

ಇಳಿದಾಗ ಪೊಲೀಸರು ಕರೆದೊಯ್ದರು. ನಾನೂ ಹೇಳಿಕೆ ಕೊಟ್ಟೆ. ಆದರೂ ಬಿಟ್ಟುಬಿಟ್ಟರಂತೆ! ಕಾರಣ, ವಿಮಾನ ಬೇರೆ ದೇಶದಲ್ಲಿ ನೋಂದಣಿಯಾದದ್ದು. ಹಳೇ ಒಪ್ಪಂದದಲ್ಲಿ ಕೇಸ್ ಹಾಕುವ ಅಧಿಕಾರ ಮುಖ್ಯವಾಗಿ ಆ ದೇಶದ್ದೇ. ಅದನ್ನು ತಿದ್ದಿದ 2014ರ ಮಾಂಟ್ರಿಯಲ್ ಪ್ರೋಟೋಕಾಲ್ ವಿಮಾನ ಇಳಿದ ದೇಶಕ್ಕೂ ಆ ಅಧಿಕಾರ ಕೊಡುತ್ತದೆ. 2020ರಿಂದ ಜಾರಿಯಲ್ಲೂ ಇದೆ. ಆದರೆ ಅದನ್ನು ಒಪ್ಪಿಕೊಂಡ ದೇಶಗಳಲ್ಲಿ ಮಾತ್ರ. ಇದು ಅನ್ಯಾಯ ಅಲ್ವಾ?